ವಿಜಯಪುರ: ಗುಮ್ಮಟದ ಆಚೆಗಿನ ರಾಜಧಾನಿ

ಇಂಗಳೇಶ್ವರದಿಂದ ವಿಜಯಪುರಕ್ಕೆ ಹೋಗಿ ಬರುವವರಿಗೆ ಲೆಕ್ಕವಿಲ್ಲ. ಕೋರ್ಟಿನ ತಾರೀಖು, ದವಾಖಾನೆ, ಕಾಲೇಜಿನ ಪ್ರವೇಶ, ಮದುವೆಯ ಜವಳಿ, ಕಚೇರಿಯಲ್ಲಿ ಉಳಿದುಹೋದ ಉತಾರ, ಏನಾದರೊಂದು ಕೆಲಸ ಇದ್ದೇ ಇರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಊರುಗಳದ್ದೆಲ್ಲ ಇದೇ ಮಾತು. ದೂರದಿಂದ ಗೋಲಗುಮ್ಮಟ ಕಂಡರೆ ಊರು ಬಂತೆಂದು ಜನ ಗಂಟುಮೂಟೆ ಸರಿಪಡಿಸಿಕೊಳ್ಳುತ್ತಾರೆ. ಕೆಲಸ ಮುಗಿಸಿ ಸಂಜೆಯ ಬಸ್ಸಿಗೆ ಮರಳುತ್ತಾರೆ. ಆದರೆ ವಿಜಯಪುರವನ್ನು ನೋಡುವುದಕ್ಕೆಂದೇ ಹೋದವರನ್ನು ಹುಡುಕಿದರೆ ಸಿಗುವವರು ಕಡಿಮೆ. ಶಾಲೆಯ ಪ್ರವಾಸದಲ್ಲಿ ಒಮ್ಮೆ ಗುಮ್ಮಟ ಹತ್ತಿ, ಕೂಗಿ, ಇಳಿದು ಬಂದದ್ದೇ ಬಹಳ ಮಂದಿಯ ಪಾಲಿನ ವಿಜಯಪುರ.

ರೋಮ್ ನಗರಕ್ಕೆ ಹೋಗುವ ಪ್ರವಾಸಿಗಳು ಹೀಗೆ ಮಾಡುವುದಿಲ್ಲ. ಮೊದಲ ದಿನ ಯಾವ ಭಾಗ, ಎರಡನೆಯ ದಿನ ಯಾವ ಬೀದಿ, ಎಲ್ಲಿ ಊಟ, ಯಾವ ಹೊತ್ತಿಗೆ ಯಾವ ಚರ್ಚು ಎಂದು ಪಟ್ಟಿ ಮಾಡಿಕೊಂಡು ಹೋಗುತ್ತಾರೆ. ಒಂದು ಕಟ್ಟಡವನ್ನು ನೋಡಿ ರೋಮ್ ನೋಡಿದೆ ಎನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ರಾಜಧಾನಿಯೆಂದರೆ ಒಂದು ಕಟ್ಟಡವಲ್ಲ. ಕೋಟೆ, ನೀರು, ದರಬಾರು, ಪ್ರಾರ್ಥನೆ, ಪೇಟೆ, ಗೋರಿ ಎಲ್ಲವೂ ಸೇರಿ ಆಗುವಂಥದ್ದು. ಸುಮಾರು 200 ವರ್ಷ ಒಂದು ದೊಡ್ಡ ರಾಜ್ಯದ ರಾಜಧಾನಿಯಾಗಿದ್ದ ವಿಜಯಪುರವೂ ಅಂಥ ನೋಟವನ್ನೇ ಬೇಡುವ ನಗರ. ಎರಡು ದಿನ ಬಿಡುವು ಮಾಡಿಕೊಂಡು, ಕಟ್ಟಡಗಳನ್ನು ಅವು ಹುಟ್ಟಿದ ಕ್ರಮದಲ್ಲಿ ನೋಡುತ್ತ ಹೋದರೆ ಆ ರಾಜ್ಯದ ಏಳುಬೀಳಿನ ಕಥೆ ಕಲ್ಲಿನಲ್ಲೇ ತೆರೆದುಕೊಳ್ಳುತ್ತದೆ.

ಸುಲ್ತಾನರಿಗೂ ಮುಂಚೆ

ವಿಜಯಪುರವನ್ನು ಆದಿಲ್ ಶಾಹಿಗಳು ಸ್ಥಾಪಿಸಿದರೆಂಬ ಭಾವನೆ ಕೆಲವರಲ್ಲಿದೆ. ಅದು ಸರಿಯಲ್ಲ. ಕಲ್ಯಾಣದ ಚಾಲುಕ್ಯರ ಕಾಲಕ್ಕಾಗಲೇ ಈ ಊರಿಗೆ ವಿಜಯಪುರವೆಂಬ ಹೆಸರಿತ್ತು. ಅಭಿನವ ಪಂಪನೆಂದು ಹೆಸರಾದ ಕವಿ ನಾಗಚಂದ್ರ ಇಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದನೆಂದು ಸಾಹಿತ್ಯ ಚರಿತ್ರೆಕಾರರು ಹೇಳುತ್ತಾರೆ. ಜನರ ಬಾಯಲ್ಲಿ ವಿಜಾಪುರ, ಕಾಗದಪತ್ರಗಳಲ್ಲಿ ಬಿಜಾಪುರ ಎಂದಾಗಿದ್ದ ಊರಿಗೆ 2014ರ ನವೆಂಬರ್ 1ರಂದು ಹಳೆಯ ಹೆಸರು ಅಧಿಕೃತವಾಗಿ ಮರಳಿ ಬಂದಿತು.

ಈ ಹಳೆಯ ಪದರವನ್ನು ಕಣ್ಣಾರೆ ಕಾಣಬೇಕಾದರೆ ನಗರದ ನಡುವಿನ ಒಳಕೋಟೆಗೆ, ಅಂದರೆ ಅರಕಿಲ್ಲೆಗೆ ಹೋಗಬೇಕು. ಅಲ್ಲಿರುವ ಕರೀಮುದ್ದೀನನ ಮಸೀದಿ 1320ರದು. ದೆಹಲಿಯ ಸುಲ್ತಾನರ ಅಧಿಕಾರಿ ಇಲ್ಲಿದ್ದ ಕಾಲದಲ್ಲಿ ಎದ್ದ ಕಟ್ಟಡವಿದು. ಇದರ ಕಂಬಗಳು ದೇವಾಲಯದ ಕಂಬಗಳು. ಪ್ರವೇಶದ ಭಾಗ ಗುಡಿಯ ಮಂಟಪದಂತೆಯೇ ಇದೆ. ಇದನ್ನು ಕಟ್ಟಿದ ಕುಶಲಕರ್ಮಿ ಸಾಲೋಟಗಿಯ ರೇವಯ್ಯನೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಸಾಲೋಟಗಿ ಇಂದಿನ ಇಂಡಿ ತಾಲೂಕಿನ ಊರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಹತ್ತನೆಯ ಶತಮಾನದಲ್ಲೇ, ದೂರದೂರದ ವಿದ್ಯಾರ್ಥಿಗಳು ಬಂದು ಓದುತ್ತಿದ್ದ ಶಾಲೆ ಅಲ್ಲಿತ್ತೆಂದು ಶಾಸನದಿಂದ ತಿಳಿದಿದೆ. ವಿಜಯಪುರದ ಮೊದಲ ಮಸೀದಿಗಳಲ್ಲೊಂದನ್ನು ಕಟ್ಟಿದ ಕೈ ಆ ಊರಿನದು. ಗುಡಿಯ ಕಂಬಗಳು ಮಸೀದಿಗೆ ಹೋದದ್ದೂ ಚರಿತ್ರೆ, ಅವುಗಳನ್ನು ಜೋಡಿಸಿದವನ ಹೆಸರನ್ನು ಕಲ್ಲಿನಲ್ಲಿ ಬರೆದಿಟ್ಟದ್ದೂ ಚರಿತ್ರೆ. ಎರಡನ್ನೂ ಒಟ್ಟಿಗೆ ನೋಡುವ ಅವಕಾಶ ಈ ಚಿಕ್ಕ ಕಟ್ಟಡದಲ್ಲಿದೆ.

ಮುಂದೆ ಬಹಮನಿ ರಾಜ್ಯ ಒಡೆಯುತ್ತಿದ್ದಾಗ ಯೂಸುಫ್ ಆದಿಲ್ ಖಾನನು 1489–90ರ ಸುಮಾರಿಗೆ ಇಲ್ಲಿ ಸ್ವತಂತ್ರನಾದನು. ಅಲ್ಲಿಂದ 1686ರವರೆಗೆ ಆದಿಲ್ ಶಾಹಿಗಳ ಆಳ್ವಿಕೆ.

ಗಗನ ಮಹಲಿನ ಮೂರು ಕಮಾನು

ಅರಕಿಲ್ಲೆಯಲ್ಲೇ ಗಗನ ಮಹಲಿದೆ. ಒಂದನೆಯ ಅಲಿ ಆದಿಲ್ ಶಾಹ 1561ರಲ್ಲಿ ಕಟ್ಟಿಸಿದ ದರಬಾರು ಮಂದಿರವಿದು. ಮುಂಭಾಗದಲ್ಲಿ ಮೂರು ಕಮಾನುಗಳು. ನಡುವಿನ ಕಮಾನಿನ ಅಗಲ ಸುಮಾರು 60 ಅಡಿ. ಎದುರಿನ ಬಯಲಿನಲ್ಲಿ ನೆರೆದವರೆಲ್ಲರಿಗೂ ಸುಲ್ತಾನ ಕಾಣಲೆಂದೇ ಕಮಾನನ್ನು ಇಷ್ಟು ಅಗಲ ಬಿಡಲಾಯಿತು. ಮೇಲಿನ ಅಂತಸ್ತು ರಾಜಪರಿವಾರದ ವಾಸಕ್ಕೆ. ಅದರ ಮರಗೆಲಸವೆಲ್ಲ ಹೋಗಿ ಈಗ ಕಲ್ಲಿನ ಅಸ್ಥಿಪಂಜರವಷ್ಟೇ ಉಳಿದಿದೆ.

ಈ ದರಬಾರು ಕಟ್ಟಿದ ನಾಲ್ಕೇ ವರ್ಷಗಳಲ್ಲಿ, 1565ರಲ್ಲಿ, ದಖ್ಖನಿನ ಸುಲ್ತಾನರು ಒಂದಾಗಿ ವಿಜಯನಗರದ ಸೈನ್ಯವನ್ನು ಸೋಲಿಸಿದರು. ತಾಳಿಕೋಟೆಯ ಕಾಳಗವೆಂದೂ ರಕ್ಕಸಗಿ–ತಂಗಡಗಿ ಕಾಳಗವೆಂದೂ ಹೆಸರಾದ ಆ ಯುದ್ಧದ ಸೀಮೆ ಮುದ್ದೇಬಿಹಾಳದ ಕಡೆಯದು. ಆ ಗೆಲುವಿನ ನಂತರ ವಿಜಯಪುರಕ್ಕೆ ಹಣವೂ ಬಂತು, ಹುಮ್ಮಸ್ಸೂ ಬಂತು. ನಗರವನ್ನು ಬಳಸಿದ ಸುಮಾರು 10 ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಪೂರ್ಣಗೊಂಡದ್ದು ಇದೇ ಅಲಿಯ ಕಾಲದಲ್ಲಿ. ಗೋಡೆಯ ಹೊರಗೆ ಕಂದಕ, ಗೋಡೆಯುದ್ದಕ್ಕೂ 96 ಬುರುಜು, ಐದು ಮುಖ್ಯ ಬಾಗಿಲು. ಬಾಗಿಲುಗಳ ಹೆಸರುಗಳಲ್ಲೇ ರಾಜ್ಯದ ದಿಕ್ಕುಗಳಿವೆ: ಪಶ್ಚಿಮಕ್ಕೆ ಮಕ್ಕಾ ಬಾಗಿಲು, ಉತ್ತರಕ್ಕೆ ಬಹಮನಿ ಬಾಗಿಲು, ಪೂರ್ವಕ್ಕೆ ಅಲಿಪುರ ಬಾಗಿಲು.

ಕೊನೆಯ ಅಂಕವೂ ಗಗನ ಮಹಲಿನಲ್ಲೇ ನಡೆಯಿತು. 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನ ಮುತ್ತಿಗೆಗೆ ನಗರ ಮಣಿದಾಗ, ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸರಪಳಿ ತೊಡಿಸಿ ಈ ಕಮಾನಿನ ಕೆಳಗೆ ನಿಲ್ಲಿಸಲಾಯಿತೆಂದು ಹೇಳಲಾಗುತ್ತದೆ. ಈಗ ಆ ಬಯಲಿನಲ್ಲಿ ಹುಡುಗರು ಆಡುತ್ತಾರೆ, ಮುದುಕರು ಸಂಜೆ ಗಾಳಿಗೆ ಕೂರುತ್ತಾರೆ. ಹತ್ತಿರದಲ್ಲೇ ಸಾತ್ ಮಂಜಿಲ್ ಎಂಬ ಏಳಂತಸ್ತಿನ ಅರಮನೆಯ ಉಳಿದ ಭಾಗವೂ, ಅದರೆದುರು ಜಲ ಮಂಜಿಲ್ ಎಂಬ ಪುಟ್ಟ ಮಂಟಪವೂ ಇವೆ. ಒಂದು ಕಾಲಕ್ಕೆ ನೀರಿನ ನಡುವೆ ನಿಂತಿದ್ದ ಆ ಮಂಟಪದ ಕೆತ್ತನೆಯನ್ನು ತಾಳ್ಮೆಯಿಂದ ನೋಡಬೇಕು.

ನೀರು ಬಂದ ದಾರಿ

ವಿಜಯಪುರ ಬರದ ಸೀಮೆಯ ಊರು. ಪಕ್ಕದಲ್ಲಿ ನದಿಯಿಲ್ಲ, ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ಎರಡೂ ದೂರ. ಇಂಥ ಎರೆಭೂಮಿಯ ನಡುವೆ ಒಂದು ಮಹಾನಗರ ಬೆಳೆದದ್ದು ಹೇಗೆಂಬ ಪ್ರಶ್ನೆಯನ್ನು ಕೇಳಿಕೊಳ್ಳದೆ ಈ ಊರನ್ನು ನೋಡಿದರೆ ಅರ್ಧ ನೋಡಿದಂತೆ.

ಅದಕ್ಕೆ ಉತ್ತರ ನಗರದ ಬಾವಡಿಗಳಲ್ಲಿದೆ. 1579ರ ಚಾಂದ್ ಬಾವಡಿ ಒಂದನೆಯ ಅಲಿಯ ರಾಣಿ ಚಾಂದ್ ಬೀಬಿಯ ಹೆಸರಿನದು. ಅದೇ ಮಾದರಿಯನ್ನು ಹಿರಿದು ಮಾಡಿ 1620ರಲ್ಲಿ ಕಟ್ಟಿದ್ದು ತಾಜ್ ಬಾವಡಿ. ಎರಡನೆಯ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ. ಎರಡು ಬದಿಗೆ ಎಂಟು ಮೂಲೆಯ ಗೋಪುರ, ನಡುವೆ ದೊಡ್ಡ ಕಮಾನು, ಅದರೊಳಗಿಂದ ನೀರಿಗಿಳಿಯುವ ಮೆಟ್ಟಿಲು. ಸುತ್ತಲಿನ ಪಡಸಾಲೆ, ಕೋಣೆಗಳು ದಾರಿಹೋಕರು ತಂಗಲೆಂದು. ನೀರು ಸೇದುವ ಜಾಗವನ್ನೇ ನಾಲ್ಕು ಜನ ಕೂತು ದಣಿವಾರಿಸಿಕೊಳ್ಳುವ ಜಾಗವನ್ನಾಗಿಯೂ ಮಾಡಿದ ಕಟ್ಟಡವಿದು.

ಬಾವಡಿಗಳಷ್ಟೇ ಸಾಲುತ್ತಿರಲಿಲ್ಲ. ನಗರದ ಪಶ್ಚಿಮಕ್ಕಿರುವ ತೊರವಿಯ ಕಡೆಯಿಂದ ನೆಲದಡಿಯಲ್ಲಿ ಸುರಂಗ ತೋಡಿ ನೀರು ತರಲಾಯಿತು. ಪರ್ಷಿಯಾದಲ್ಲಿ ರೂಢಿಯಲ್ಲಿದ್ದ, ಬೀದರಿನಲ್ಲೂ ಕಾಣುವ ಈ ವಿಧಾನದಲ್ಲಿ ಸುರಂಗಕ್ಕೆ ಅಲ್ಲಲ್ಲಿ ಬಾವಿಯಂಥ ಕಿಂಡಿಗಳಿರುತ್ತವೆ. ಗಾಳಿಯಾಡುವುದಕ್ಕೂ, ಹೂಳು ತೆಗೆಯಲು ಆಳುಗಳು ಇಳಿಯುವುದಕ್ಕೂ ಅವೇ ದಾರಿ. ನೀರು ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ನೆಲದಡಿ ಇರುವುದರಿಂದ ಬಿಸಿಲಿಗೆ ಆವಿಯಾಗುವುದಿಲ್ಲ. ಮುಂದೆ 1651ರಲ್ಲಿ ಮಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ನಗರದ ದಕ್ಷಿಣಕ್ಕೆ ಬೇಗಂ ತಾಲಾಬ್ ಎಂಬ ಕೆರೆಯಾಯಿತು. ಅಲ್ಲಿಂದ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ಕೊಳವೆಯ ಸಾಲಿನಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳಿದ್ದವು. ನೀರು ಗೋಪುರಕ್ಕೆ ಏರಿ ಮುಂದೆ ಹೋಗುವಾಗ ಅದರ ಒತ್ತಡ ಹದಕ್ಕೆ ಬಂದು ಕೊಳವೆ ಒಡೆಯುತ್ತಿರಲಿಲ್ಲ. ಕೆಸರೂ ಅಲ್ಲೇ ತಳಕ್ಕಿಳಿಯುತ್ತಿತ್ತು. ಇಂದಿಗೂ ಓಣಿಗಳ ನಡುವೆ ಮೊಂಡಾಗಿ ನಿಂತ ಇಂಥ ಗೋಪುರಗಳು ಕಾಣುತ್ತವೆ. ಏನೆಂದು ಗೊತ್ತಿಲ್ಲದವರು ಹಾಳುಗೋಡೆಯೆಂದು ಮುಂದೆ ಹೋಗುತ್ತಾರೆ.

ಹೀಗೆ ಗುರುತು ಸಿಗದೆ ಹೋದದ್ದಕ್ಕೆ ಈ ನಗರ ಬೆಲೆ ತೆತ್ತಿದೆ. ನಲ್ಲಿ ಬಂದ ಮೇಲೆ ಎಷ್ಟೋ ಬಾವಡಿಗಳು ಕಸ ಸುರಿಯುವ ಗುಂಡಿಗಳಾದವು. ಗಣೇಶನ ವಿಸರ್ಜನೆಗಷ್ಟೇ ತಾಜ್ ಬಾವಡಿಯ ನೆನಪಾಗುವ ಕಾಲ ಬಂದಿತ್ತು. 2010ರ ನಂತರದ ದಶಕದಲ್ಲಿ ತಾಜ್ ಬಾವಡಿಯೂ ಸೇರಿದಂತೆ ಹಲವು ಬಾವಡಿಗಳ ಹೂಳು ತೆಗೆಯಲಾಯಿತು. ಕಸವೆಲ್ಲ ಹೋದ ಮೇಲೆ ಒಳಗೆ ಇನ್ನೂ ನೀರಿನ ಸೆಲೆಯಿರುವುದು ಜನರಿಗೆ ಕಂಡಿತು.

ಇಬ್ರಾಹಿಮನ ಕಾಲ

ಎರಡನೆಯ ಇಬ್ರಾಹಿಂ ಆದಿಲ್ ಶಾಹ ಆಳಿದ್ದು 1580ರಿಂದ 1627ರವರೆಗೆ. ವಿಜಯಪುರದ ಅತ್ಯಂತ ಸೊಗಸಿನ ಕಾಲ ಅದು. ‘ಕಿತಾಬ್-ಎ-ನವರಸ್’ ಎಂಬ ಗೀತಸಂಗ್ರಹವನ್ನು ದಖ್ಖನಿ ಭಾಷೆಯಲ್ಲಿ ರಚಿಸಿದ ಈ ಸುಲ್ತಾನ ಸರಸ್ವತಿಯನ್ನೂ ಗಣಪತಿಯನ್ನೂ ಅದರಲ್ಲಿ ಸ್ತುತಿಸಿದ್ದಾನೆ. ಜನ ಅವನನ್ನು ಜಗದ್ಗುರು ಎಂದು ಕರೆದರು. ದಖ್ಖನಿನ ಇತಿಹಾಸ ಬರೆದ ಫೆರಿಷ್ತಾ ಇವನ ಆಸ್ಥಾನದಲ್ಲಿದ್ದವನು. ಹಾಲೆಂಡಿನಿಂದ ಬಂದ ಹೇಡಾ ಎಂಬ ಚಿತ್ರಕಾರನೂ ಇಲ್ಲಿ ಕೆಲಸ ಮಾಡಿದನು. 1604ರ ಸುಮಾರಿಗೆ ಬಂದ ಮೊಗಲ ದೂತ ಅಸದ್ ಬೇಗ್ ಇಲ್ಲಿಯ ಪೇಟೆಯ ಅಗಲವಾದ ಬೀದಿಯನ್ನೂ ಅಂಗಡಿಗಳ ಮುಂದಿನ ಹಸಿರು ಮರಗಳನ್ನೂ ಮೆಚ್ಚಿ ಬರೆದಿಟ್ಟಿದ್ದಾನೆ.

ಆ ಸೊಗಸನ್ನು ಇಂದು ಕಾಣಬೇಕಾದರೆ ಪಶ್ಚಿಮದ ಕೋಟೆಗೋಡೆಯ ಹೊರಗಿರುವ ಇಬ್ರಾಹಿಂ ರೋಜಾಕ್ಕೆ ಹೋಗಬೇಕು. ಒಂದೇ ಜಗಲಿಯ ಮೇಲೆ ಒಂದು ಕಡೆ ಗೋರಿ, ಇನ್ನೊಂದು ಕಡೆ ಮಸೀದಿ, ನಡುವೆ ಕಾರಂಜಿಯ ಕೊಳ. ಇದರ ಶಿಲ್ಪಿ ಮಲಿಕ್ ಸಂದಲ್. ತಾಜ್ ಬಾವಡಿಯೂ ಇವನದೇ. ಗೋರಿಯ ಗೋಡೆಗಳ ತುಂಬ ಅರಬ್ಬಿ ಅಕ್ಷರಗಳ ಕೆತ್ತನೆ. ಕಿಟಕಿಗಳಿಗೆ ಜಾಲರಿಯೂ ಅಕ್ಷರಗಳದ್ದೇ. ಕಲ್ಲನ್ನು ಕೊರೆದು ಅಕ್ಷರ ಉಳಿಸಿ, ಅವುಗಳ ನಡುವಿನ ಸಂದಿಯಿಂದ ಬೆಳಕು ಬರುವಂತೆ ಮಾಡಲಾಗಿದೆ. ಒಳಗಿನ ಕೋಣೆ 40 ಅಡಿ ಚೌಕ. ಅದರ ಮೇಲಿನ ಕಲ್ಲಿನ ಚಾವಣಿಯ ನಡುಭಾಗ ಪೂರ್ತಿ ಚಪ್ಪಟೆ, ಕೆಳಗೆ ಕಂಬವಿಲ್ಲ. ಗಟ್ಟಿ ಗಾರೆಯ ಹಿಡಿತದಲ್ಲಿ ಕಲ್ಲುಗಳು ಒಂದಕ್ಕೊಂದು ಅಂಟಿ ನಿಂತಿವೆ. ಆಗ್ರಾದ ತಾಜಮಹಲಿಗೆ ಇದೇ ಸ್ಫೂರ್ತಿ ಎಂದು ಹೇಳುವವರಿದ್ದಾರೆ. ಆ ಹೋಲಿಕೆಯ ಹಂಗಿಲ್ಲದೆಯೂ ಇದು ನಿಲ್ಲುತ್ತದೆ. ನೋಡಲು ಒಳ್ಳೆಯ ಹೊತ್ತು ಸಂಜೆ. ಇಳಿಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬಿದ್ದಾಗ ಕೆತ್ತನೆಯ ಆಳ ಕಾಣುತ್ತದೆ.

ರೋಜಾದಿಂದ ನಗರಕ್ಕೆ ಮರಳುವ ದಾರಿಯಲ್ಲಿ ಎರಡು ಬುರುಜುಗಳು ಸಿಗುತ್ತವೆ. ಷೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪಿದೆ. ಅಹಮದನಗರದಲ್ಲಿ 1549ರಲ್ಲಿ ಎರಕ ಹೊಯ್ದ ಈ ತೋಪಿನ ತೂಕ ಸುಮಾರು 55 ಟನ್, ಉದ್ದ 14 ಅಡಿಗೂ ಹೆಚ್ಚು. ಬಾಯಿಯ ಭಾಗ ಆನೆಯನ್ನು ನುಂಗುತ್ತಿರುವ ಸಿಂಹದ ಮುಖದಂತಿದೆ. ತಾಳಿಕೋಟೆಯ ಕಾಳಗದಲ್ಲೂ ಇದನ್ನು ಬಳಸಲಾಗಿತ್ತು. 1632ರಲ್ಲಿ ಪರಂಡಾ ಕೋಟೆಯಿಂದ ಇದನ್ನು ಇಲ್ಲಿಗೆ ತರಲಾಯಿತು. 1854ರಲ್ಲಿ ಬ್ರಿಟಿಷ್ ಸರಕಾರ ಇದನ್ನು ಹಳೆ ಲೋಹವೆಂದು ಹರಾಜಿಗಿಟ್ಟಾಗ ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ. ಬೆಲೆ ತೀರ ಕಡಿಮೆಯೆಂದೋ ಊರಿನ ಜನರ ಅಭಿಮಾನ ಕಂಡೋ ಹರಾಜು ರದ್ದಾಯಿತು. ಇಲ್ಲದಿದ್ದರೆ ಕರಗಿ ಹೋಗುತ್ತಿತ್ತು. ಇನ್ನೊಂದು, 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಉಪ್ಪಲಿ ಬುರುಜು. ಸುಮಾರು 80 ಅಡಿ ಎತ್ತರದ ಈ ಗುಂಡು ಗೋಪುರಕ್ಕೆ ಮೆಟ್ಟಿಲುಗಳು ಹೊರಮೈಯನ್ನು ಸುತ್ತಿ ಏರುತ್ತವೆ. ಮೇಲೆ ನಿಂತರೆ ಇಡೀ ನಗರದ ನಕ್ಷೆ ಕಣ್ಣೆದುರಿಗೆ ಬರುತ್ತದೆ. ಮೊದಲ ದಿನವೇ ಇದನ್ನು ಹತ್ತಿದರೆ ಮುಂದಿನ ತಿರುಗಾಟ ಸುಲಭವಾಗುತ್ತದೆ.

ಮಸೀದಿಯಿಂದ ಗುಮ್ಮಟಕ್ಕೆ

ಎರಡನೆಯ ದಿನ ಗೋಲಗುಮ್ಮಟದ್ದು. ಆದರೆ ಅದಕ್ಕೆ ಮುಂಚೆ, ಮೊದಲ ದಿನದ ಮಧ್ಯಾಹ್ನವೇ, ಜಾಮಿಯಾ ಮಸೀದಿಯನ್ನು ನೋಡಿರಬೇಕು. ಅದಕ್ಕೆ ಕಾರಣವಿದೆ. ಒಂದನೆಯ ಅಲಿಯ ಕಾಲದಲ್ಲಿ ಆರಂಭವಾದ ಈ ವಿಶಾಲ ಮಸೀದಿ ಶಾಂತವಾದ, ಬಿಳಿಯ ಕಮಾನುಗಳ ಕಟ್ಟಡ. ನೆಲದ ಮೇಲೆ 2,250 ಜನ ನಮಾಜು ಮಾಡಲು ಗುರುತಿಸಿದ ಚೌಕಗಳಿವೆ. ಅವು ಔರಂಗಜೇಬನ ಕಾಲದವು. ಮೆಕ್ಕಾದ ದಿಕ್ಕಿನ ಮಿಹ್ರಾಬಿಗೆ 1636ರಲ್ಲಿ ಬಂಗಾರದ ಬಣ್ಣದ ಚಿತ್ತಾರವಾಯಿತು. ಇಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಮೇಲೆ, ಗುಮ್ಮಟದ ತಳದಲ್ಲಿ. ಚೌಕ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಿಸುವುದು ಕಟ್ಟಡ ಕೆಲಸದ ಹಳೆಯ ಸಮಸ್ಯೆ. ಮೂಲೆಗಳಲ್ಲಿ ಆಧಾರವಿಲ್ಲದೆ ಗುಮ್ಮಟ ನಿಲ್ಲುವುದಿಲ್ಲ. ವಿಜಯಪುರದ ಕೆಲಸಗಾರರು ಕಮಾನುಗಳನ್ನು ಒಂದನ್ನೊಂದು ಹಾಯ್ದು ಹೋಗುವಂತೆ ಕಟ್ಟಿ ಇದನ್ನು ಬಗೆಹರಿಸಿದರು. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿಟ್ಟರೆ ನಡುವೆ ಎಂಟು ಮೂಲೆಯ ಆಕೃತಿ ಮೂಡುತ್ತದಲ್ಲವೇ? ಎಂಟು ಕಮಾನುಗಳು ಹಾಗೆಯೇ ಹೆಣೆದುಕೊಂಡು, ಮೇಲೆ ಹೋದಂತೆ ಒಳಕ್ಕೆ ಬಾಗಿ, ಗುಮ್ಮಟಕ್ಕೆ ಪೀಠವಾಗುತ್ತವೆ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳಿದರೆ, ಒಳಕ್ಕೆ ಚಾಚಿದ ಈ ಕಮಾನುಗಳ ಭಾರ ಅದನ್ನು ಒಳಕ್ಕೆ ಎಳೆದು ಹಿಡಿಯುತ್ತದೆ.

ಮಸೀದಿಯಲ್ಲಿ ಸಣ್ಣ ಅಳತೆಯಲ್ಲಿ ಮಾಡಿ ನೋಡಿದ ಈ ಯುಕ್ತಿಯೇ ಗೋಲಗುಮ್ಮಟದಲ್ಲಿ ದೈತ್ಯಾಕಾರಕ್ಕೆ ಬೆಳೆಯಿತು. ಮಸೀದಿಯನ್ನು ನೋಡಿ ಬಂದವರಿಗೆ ಗುಮ್ಮಟದೊಳಗೆ ತಲೆಯೆತ್ತಿದಾಗ ಬರಿಯ ಬೆರಗಾಗುವುದಿಲ್ಲ, ಅದು ನಿಂತ ಗುಟ್ಟೂ ತಿಳಿಯುತ್ತದೆ.

ಮಹಮ್ಮದ್ ಆದಿಲ್ ಶಾಹನ ಈ ಗೋರಿಯ ಕೆಲಸ 1656ರಲ್ಲಿ, ಅವನ ಸಾವಿನೊಂದಿಗೆ ನಿಂತಿತು. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಜಗತ್ತಿನ ಎರಡನೆಯ ದೊಡ್ಡ ಗುಮ್ಮಟವಿದು ಎಂದು ಹೇಳುವುದು ರೂಢಿ. ಅಳತೆ ನೋಡಿದರೆ ರೋಮಿನ ಪ್ಯಾಂಥಿಯಾನ್ 43 ಮೀಟರ್, ಸಂತ ಪೀಟರನ ಚರ್ಚು ಸುಮಾರು 42 ಮೀಟರ್. ಫ್ಲಾರೆನ್ಸಿನ ಚರ್ಚಿನದೂ ಇದಕ್ಕಿಂತ ಹಿರಿದು. ಲಂಡನ್ನಿನ ಸಂತ ಪಾಲನ ಚರ್ಚು ಮಾತ್ರ ಕಿರಿದು. ಹಾಗೆಂದು ಗೋಲಗುಮ್ಮಟದ ಹಿರಿಮೆಗೆ ಕುಂದಿಲ್ಲ. ಪ್ಯಾಂಥಿಯಾನಿನ ಗುಮ್ಮಟ ದುಂಡು ಗೋಡೆಯ ಮೇಲೆ ಕೂತಿದೆ. ಇಲ್ಲಿಯದು ಚೌಕ ಕೋಣೆಯ ಮೇಲೆ. ಒಂದೇ ಗುಮ್ಮಟದ ಆಶ್ರಯದಲ್ಲಿ, ನಡುವೆ ಒಂದು ಕಂಬವೂ ಇಲ್ಲದೆ, ಸುಮಾರು 1,700 ಚದರ ಮೀಟರ್ ನೆಲ ಇಲ್ಲಿದೆ. ಈ ಲೆಕ್ಕದಲ್ಲಿ ಇದು ಪ್ಯಾಂಥಿಯಾನನ್ನೂ ಮೀರುತ್ತದೆ.

ನಾಲ್ಕು ಮೂಲೆಗಳಲ್ಲಿ ಏಳಂತಸ್ತಿನ ಗೋಪುರಗಳಿವೆ. ಅವುಗಳ ಇಕ್ಕಟ್ಟಿನ ಮೆಟ್ಟಿಲು ಹತ್ತಿದರೆ ಗುಮ್ಮಟದ ಒಳಸುತ್ತಿನ ಪಿಸುಗುಟ್ಟುವ ಮೊಗಸಾಲೆ. ಒಂದು ಬದಿಯ ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ ಮಾತು ಎದುರು ಬದಿಯಲ್ಲಿ ಕಿವಿಯೊಡ್ಡಿದವರಿಗೆ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಏಳು ಬಾರಿ, ಅದಕ್ಕೂ ಹೆಚ್ಚು ಮರುದನಿ. ದುಂಡು ಗೋಡೆ ದನಿಯನ್ನು ಚದುರಗೊಡದೆ ಅಂಚಿನ ಗುಂಟ ಸಾಗಿಸುವುದೇ ಇದರ ಗುಟ್ಟು. ಆದರೆ ಹತ್ತು ಗಂಟೆಯ ಮೇಲೆ ಹೋದವರಿಗೆ ಪಿಸುಮಾತು ಕೇಳುವ ಭಾಗ್ಯವಿಲ್ಲ, ಕೂಗಾಟವಷ್ಟೇ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಎದುರಿನ ನಗಾರಿಖಾನೆಯಲ್ಲಿ ವಸ್ತುಸಂಗ್ರಹಾಲಯವಿದೆ. ಶಾಸನಗಳು, ಶಿಲ್ಪಗಳು, ಹಸ್ತಪ್ರತಿಗಳು, ಅಸಾರ್ ಮಹಲಿನ ಹಳೆಯ ರತ್ನಗಂಬಳಿಗಳು ಅಲ್ಲಿವೆ. ಶುಕ್ರವಾರ ಅದಕ್ಕೆ ರಜೆ.

ಆ ಅಸಾರ್ ಮಹಲು 1646ರಲ್ಲಿ ನ್ಯಾಯಮಂದಿರವಾಗಿ ಕಟ್ಟಿದ್ದು. ಮುಂದೆ ಪ್ರವಾದಿಯ ಕೇಶವನ್ನು ಇಲ್ಲಿ ಇರಿಸಿದ್ದರಿಂದ ಪವಿತ್ರ ಸ್ಥಳವಾಯಿತು. ಎತ್ತರದ ತೇಗದ ಕಂಬಗಳು, ಮುಂದೆ ಕೊಳ. ಇಲ್ಲಿದ್ದ ಗ್ರಂಥಭಂಡಾರದ ಹಸ್ತಪ್ರತಿಗಳನ್ನು 1853ರಲ್ಲಿ ಲಂಡನ್ನಿಗೆ ಸಾಗಿಸಲಾಯಿತು. ವಿಜಯಪುರದ ಸುಲ್ತಾನರು ಓದಿದ ಪುಸ್ತಕಗಳನ್ನು ನೋಡಬೇಕೆಂದರೆ ಈಗ ಅಲ್ಲಿಗೇ ಹೋಗಬೇಕು.

ನೆರಳು ಬೀಳದ ಕಮಾನು

ಸಂಜೆಗೆ ಬಾರಾ ಕಮಾನ್. ಮಹಮ್ಮದನ ಮಗ ಎರಡನೆಯ ಅಲಿ ತನಗೆಂದು ಆರಂಭಿಸಿದ ಗೋರಿಯಿದು. ತಂದೆಯದಕ್ಕಿಂತ ಹಿರಿದಾಗಬೇಕು, ಇದರ ನೆರಳು ಗೋಲಗುಮ್ಮಟದ ಮೇಲೆ ಬೀಳಬೇಕು ಎಂಬುದು ಅವನ ಆಸೆಯಾಗಿತ್ತೆಂದು ಜನ ಹೇಳುತ್ತಾರೆ. ಜಗಲಿಯೇ 200 ಅಡಿಗೂ ಮಿಕ್ಕಿದ ಚೌಕ. ಆದರೆ 1672ರಲ್ಲಿ ಅಲಿ ತೀರಿಕೊಂಡನು. ಒಂದು ಕಡೆ ಮರಾಠರು, ಇನ್ನೊಂದು ಕಡೆ ಮೊಗಲರು, ಒಳಗೆ ಸರದಾರರ ಜಗಳ. ರಾಜ್ಯದ ಕೈ ಬರಿದಾಗಿತ್ತು. ಗೋಡೆ ಮೇಲೇಳಲೇ ಇಲ್ಲ. ಕರಿಯ ಕಲ್ಲಿನ ಕಮಾನುಗಳ ಸಾಲು ಮಾತ್ರ ಆಕಾಶಕ್ಕೆ ತೆರೆದು ನಿಂತಿದೆ. ಒಂದು ರಾಜ್ಯ ತನ್ನ ಶಕ್ತಿ ಮೀರಿ ಕನಸು ಕಂಡದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಕಟ್ಟಡ ಕರ್ನಾಟಕದಲ್ಲಿ ಅಪರೂಪ.

1686ರ ನಂತರ ನಗರ ಬೇಗ ಬರಿದಾಯಿತು. ಬೆನ್ನಿಗೇ ಪ್ಲೇಗು ಬಡಿಯಿತು. 1688ರಲ್ಲಿ ಔರಂಗಜೇಬನ ಹೆಂಡತಿಯೊಬ್ಬಳೂ ಇಲ್ಲೇ ಅದಕ್ಕೆ ಬಲಿಯಾದಳು. ನಿಜಾಮರು, ಪೇಶ್ವೆಗಳು, ಸಾತಾರದ ಅರಸರು, ಇಂಗ್ಲಿಷರು ಹೀಗೆ ಕೈಯಿಂದ ಕೈಗೆ ಊರು ಹೋಯಿತು. 1884ರಲ್ಲಿ ರೈಲು ಬಂತು. 1885ರಲ್ಲಿ ಜಿಲ್ಲೆಯ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು. ಹೊಸ ಕಟ್ಟಡ ಕಟ್ಟುವ ಬದಲು ಹಳೆಯ ಮಹಲುಗಳನ್ನೇ ಕಚೇರಿ, ಬಂಗಲೆ ಮಾಡಿಕೊಂಡರು. ಗೋಲಗುಮ್ಮಟದ ಪಕ್ಕದ ಮಸೀದಿ ಕೆಲಕಾಲ ಪ್ರವಾಸಿ ಬಂಗಲೆಯಾಗಿತ್ತು. ಹಾಳುಬಿದ್ದ ರಾಜಧಾನಿ ಹೀಗೆ ಮತ್ತೆ ಜನವಸತಿಯ ಊರಾಯಿತು. ಸ್ಮಾರಕದ ಗೋಡೆಗೆ ಒರಗಿ ಮನೆ, ಬುರುಜಿನ ಬುಡದಲ್ಲಿ ಅಂಗಡಿ. ಇದರಿಂದ ನಷ್ಟವೂ ಆಗಿದೆ, ಊರಿಗೆ ಜೀವವೂ ಉಳಿದಿದೆ.

ಊಟ, ಟಾಂಗಾ, ಜಾತ್ರೆ

ಇಷ್ಟು ನೋಡಲು ಕಾಲು ಗಟ್ಟಿಯಿರಬೇಕು. ಪೂರ್ವದ ಗೋಲಗುಮ್ಮಟಕ್ಕೂ ಪಶ್ಚಿಮದ ರೋಜಾಕ್ಕೂ ಮೂರು-ನಾಲ್ಕು ಕಿಲೋಮೀಟರ್ ಅಂತರ. ಆಟೋಗಳಿವೆ; ಸಂಖ್ಯೆ ಇಳಿದಿದ್ದರೂ ಟಾಂಗಾಗಳಿವೆ. ಗೊರಸಿನ ಸದ್ದಿನ ಲಯಕ್ಕೆ ಕಮಾನುಗಳನ್ನು ನೋಡುತ್ತ ಹೋಗುವುದೇ ಒಂದು ಸುಖ. ಮಧ್ಯಾಹ್ನ ಯಾವುದಾದರೂ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಸಿಗುತ್ತವೆ. ಬೇಸಿಗೆಯಲ್ಲಿ ಇಲ್ಲಿಯ ಬಿಸಿಲು ಕಠಿಣ. ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಹಿತ. ಸಂಕ್ರಾಂತಿಯ ಹೊತ್ತಿಗೆ ಹೋದವರಿಗೆ ಸಿದ್ಧೇಶ್ವರ ಜಾತ್ರೆಯೂ ದನಗಳ ಸಂತೆಯೂ ಸಿಗುತ್ತವೆ.

ಮೂರನೆಯ ದಿನ ಉಳಿದರೆ ಊರ ಹೊರಗೆ ಹೋಗಬಹುದು. ಪಶ್ಚಿಮದ ತೊರವಿ ತೊರವೆ ರಾಮಾಯಣದ ಕವಿ ಕುಮಾರ ವಾಲ್ಮೀಕಿಯ ಊರು. ನರಸಿಂಹನ ಗುಡಿ ಅಲ್ಲಿದೆ. ಅದೇ ಊರ ಬಳಿ ಎರಡನೆಯ ಇಬ್ರಾಹಿಂ 1599ರಲ್ಲಿ ನವರಸಪುರವೆಂಬ ಹೊಸ ನಗರ ಆರಂಭಿಸಿದನು. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಪೂರ್ವಕ್ಕೆ ಸುಮಾರು 16 ಕಿಲೋಮೀಟರ್ ದೂರದ ಕುಮಟಗಿಯಲ್ಲಿ ಸುಲ್ತಾನರ ಬೇಸಿಗೆಯ ಜಲಮಹಲುಗಳಿವೆ. ಗೋಡೆಯ ಮೇಲೆ ಕುದುರೆಯೇರಿ ಪೋಲೊ ಆಡುವವರ, ಕುಸ್ತಿ ಹಿಡಿಯುವವರ ಮಾಸಿದ ಚಿತ್ರಗಳು ಉಳಿದಿವೆ.

ಇತ್ತ ಬಸವನ ಬಾಗೇವಾಡಿ, ಇಂಗಳೇಶ್ವರಗಳ ಚರಿತ್ರೆ ಸುಲ್ತಾನರಿಗಿಂತ ಮೂರು ಶತಮಾನ ಹಿಂದಿನದು. ಬಸವಣ್ಣನವರ ತಾಯಿಯ ತವರೆಂದೂ, ಅವರು ಹುಟ್ಟಿದ ಊರೆಂದೇ ಕೆಲವರು ನಂಬುವ ಸ್ಥಳವೆಂದೂ ಇಂಗಳೇಶ್ವರಕ್ಕೆ ಹೆಸರಿದೆ. ಶರಣರ ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ ಶಿಲಾಮಂಟಪ ಅಲ್ಲಿದೆ. ವಿಜಯಪುರಕ್ಕೆ ಬಂದ ದೂರದ ಪ್ರವಾಸಿ ಇಂಗಳೇಶ್ವರಕ್ಕೂ ಹೋಗಬೇಕು. ಇಂಗಳೇಶ್ವರದವರು ವಿಜಯಪುರವನ್ನು ಕೆಲಸವಿಲ್ಲದ ದಿನ ನೋಡಬೇಕು.

ವಿಜಯಪುರದ ಸ್ಮಾರಕಗಳು, ಕಲಬುರ್ಗಿ, ಬೀದರ, ಹೈದರಾಬಾದಿನವುಗಳ ಜೊತೆ, 2014ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಪಟ್ಟಿಯಿಂದ ಗೌರವ ಬರುತ್ತದೆ, ಹಣವೂ ಬರಬಹುದು. ಆದರೆ ಓಣಿಯ ಮೂಲೆಯ ನೀರಿನ ಗೋಪುರವನ್ನು, ಮನೆಗಳ ನಡುವೆ ಮರೆಯಾದ ಬಾವಡಿಯನ್ನು ಕಾಯುವವರು ಅದನ್ನು ಬಲ್ಲ ಜನ ಮಾತ್ರ. ಗೋಲಗುಮ್ಮಟಕ್ಕೆ ಕಾವಲಿದೆ, ಟಿಕೇಟಿದೆ, ನೋಡುವ ಜನರಿದ್ದಾರೆ. ಉಳಿದ ನಗರ ಇನ್ನೂ ತನ್ನನ್ನು ನೋಡಲು ಬರುವವರ ದಾರಿ ಕಾಯುತ್ತಿದೆ. ಮುಂದಿನ ಸಲ ಕೋರ್ಟಿನ ತಾರೀಖು ಬೇಗ ಮುಗಿದರೆ, ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿದ್ದರೆ, ತಾಜ್ ಬಾವಡಿಯ ಮೆಟ್ಟಿಲವರೆಗೆ ಹೋಗಿ ಬರಲು ಅರ್ಧ ತಾಸು ಸಾಕು.